ಮಂಡ್ಯದಲ್ಲಿ ಹೊರಡುವ ತಲೆನೋವು

ನಮ್ಮ ಚಿಕ್ಕಪ್ಪನಿಗೆ ತಲೆ ಇದೆ ಅನ್ನುವುದಕ್ಕೆ ನನ್ನ ಬಳಿ ಇರುವ ಪುರಾವೆ ಒಂದೇ. ಅದು ನೋಯುತ್ತದೆ! ನೋಯದೆ ಇದ್ದಿದ್ದರೆ ಅಲ್ಲೊಂದು ತಲೆ ಇದೆಯೆಂದು ಮನೆಯವರು ಯಾರೂ ನಂಬುತ್ತಿರಲಿಲ್ಲ. ಸ್ವಂತ ಚಿಕ್ಕಪ್ಪನ ಬಗ್ಗೆ ಹೈಸ್ಕೂಲು ಮೇಡಂ ಒಬ್ಬಳು ಹೀಗೆಲ್ಲ ಬರೆಯಬಹುದೇ ಎಂದು ನೀವು ಹುಬ್ಬೇರಿಸಬಹುದು. ಏರಿಸಿ, ಪರವಾಗಿಲ್ಲ. ಆದರೆ ಮೊದಲು ಅವನನ್ನು ಆರು ವಾರ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಿ ಬನ್ನಿ. ಆಮೇಲೆ ನಿಮ್ಮ ಹುಬ್ಬು ಎಲ್ಲಿರುತ್ತದೋ ನೋಡೋಣ.

ಚಿಕ್ಕಪ್ಪ ಮೂವತ್ತು ವರ್ಷ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಮಂಡ್ಯದಲ್ಲಿ ಹೊರಟು, ನೇರ ದಾರಿ ಬಿಟ್ಟು ಊರೂರು ಸುತ್ತಿ, ನಮ್ಮ ಕೊಪ್ಪಕ್ಕೆ ಬಂದು, ಅಲ್ಲಿಂದ ಮದ್ದೂರು ಮುಟ್ಟಿ, ಕೊನೆಗೆ ಮಳವಳ್ಳಿಯಲ್ಲಿ ಉಸಿರು ಬಿಡುತ್ತಿದ್ದ ಬಸ್ಸು ಅದು. ನಾನು ಪಿಯುಸಿ ಓದಲು ಮದ್ದೂರಿಗೆ ಹೋಗುತ್ತಿದ್ದುದೂ ಅದರಲ್ಲೇ. ಕೊಪ್ಪದ ಸ್ಟಾಪಿನಿಂದ ಅದು ಒಂದು ದಿನವೂ ಹೊತ್ತಿಗೆ ಸರಿಯಾಗಿ ಹೊರಟಿದ್ದನ್ನು ಕಂಡವರಿಲ್ಲ. ಒಳಗಿದ್ದವರು ಬಯ್ಯುತ್ತಿದ್ದರೆ ಚಿಕ್ಕಪ್ಪ ಬಾಗಿಲಲ್ಲಿ ನೇತಾಡುತ್ತ, ತಲೆ ಹೊರಗೆ ಹಾಕಿ ಹಿಂದಕ್ಕೆ ನೋಡುತ್ತ, "ಇಂಜಿನ್ ಕಾದದೆ, ಸಲ್ಪ ಆರ್ಲಿ ತಡ್ಕಳಿ" ಎನ್ನುತ್ತಿದ್ದ. ಬೆಳಗ್ಗೆ ಎಂಟಕ್ಕೆ ಯಾವ ಇಂಜಿನ್ ಕಾಯುತ್ತದೆ, ನೀವೇ ಹೇಳಿ! ಆ ಹೊತ್ತಲ್ಲದ ಹೊತ್ತಿನಲ್ಲಿ ಓಡಿ ಬಂದು ಹತ್ತುತ್ತಿದ್ದವರಲ್ಲಿ ನಾನೂ ಒಬ್ಬಳು. ಆದ್ದರಿಂದ ಆ ವಿಷಯ ಹೆಚ್ಚು ಎತ್ತುವುದಿಲ್ಲ.

ಕೆಲಸ ಬಿಟ್ಟ ದಿನ ಓನರ್ ಅವನಿಗೊಂದು ಹಾರ ಹಾಕಿ, ಹೆಗಲ ಮೇಲಿದ್ದ ಚರ್ಮದ ಬ್ಯಾಗನ್ನು ಅಲ್ಲೇ ಇರಲಿ ಎಂದು ಬಿಟ್ಟುಕೊಟ್ಟರು. ಅವರು ಅಷ್ಟು ಒಳ್ಳೆಯವರಾಗಬಾರದಿತ್ತು. ಟಿಕೆಟ್ ಕಂತೆ ಇಡುತ್ತಿದ್ದ ಖಾನೆಗಳಿಗೆಲ್ಲ ಈಗ ನೋವಿನ ಮಾತ್ರೆ ಬಂದು ಕೂತವು. ಬಿಳಿಯವು ಒಂದು ಕಡೆ, ಗುಲಾಬಿಯವು ಒಂದು ಕಡೆ, "ಡಬಲ್ ಪವರ್" ಎಂದು ಅವನೇ ನಂಬಿಕೊಂಡಿದ್ದ ಹಳದಿಯವು ಒಳಗಿನ ಗುಂಡಿ ಹಾಕುವ ಖಾನೆಯಲ್ಲಿ. ಬೆಳಗ್ಗೆ ಎದ್ದರೆ ಕಾಫಿಯ ಜೊತೆ ಒಂದು, ಮುದ್ದೆಯ ಮೇಲೊಂದು, ಸಂಜೆ ಸುಮ್ಮನೆ ಒಂದು. ಜಗಲಿಗೆ ಬಂದವರಿಗೂ ಇಲ್ಲ ಎನ್ನುತ್ತಿರಲಿಲ್ಲ. ಸೊಂಟ ಹಿಡಿದುಕೊಂಡು ಬಂದವನಿಗೆ, ಹಲ್ಲು ಒತ್ತಿಕೊಂಡು ಬಂದವಳಿಗೆ, ಹೆಬ್ಬೆರಳಿಂದ ಮಾತ್ರೆಯನ್ನು ಒತ್ತಿ ತೆಗೆದು, "ಇಡ್ಕೊ, ಒಳೀಕ್ ನಡಿ" ಎನ್ನುತ್ತಿದ್ದ.

ಅವನ ತಲೆನೋವೂ ಎಲ್ಲರ ಹಾಗೆ ಬಂದು ಹೋಗುವ ತಲೆನೋವಲ್ಲ. ಅದಕ್ಕೊಂದು ರೂಟ್ ಇದೆ! ಕುತ್ತಿಗೆಯ ಹಿಂದೆ, ಕೂದಲು ಮುಗಿಯುವಲ್ಲಿ, ಅವನ ಮಂಡ್ಯ. ನೋವು ಹೊರಡುವುದು ಅಲ್ಲಿಂದ. ಅಲ್ಲಿಂದ ಎಡಗಿವಿಯ ಹಿಂದಕ್ಕೆ ಏರಿ ಬಂದರೆ ಮದ್ದೂರು. ಎಡಗಣ್ಣಿನ ಹಿಂದೆ ಹೋಗಿ ಗಟ್ಟಿಯಾಗಿ ಕೂತಿತೋ, ಮಳವಳ್ಳಿ. ಚಿಕ್ಕಮ್ಮ ಒಲೆಯ ಮುಂದಿಂದಲೇ ಕೇಳುತ್ತಿದ್ದಳು.

"ಎಲ್ಗ್ ಬಂತು?"

"ಮದ್ದೂರ್ ಬುಡ್ತು ಕಣೆ."

ಮದ್ದೂರು ಬಿಟ್ಟಿತೆಂದರೆ ಚಿಕ್ಕಮ್ಮ ಅವನ ಪಾಲಿನ ಮುದ್ದೆ ತೊಳಸುತ್ತಿರಲಿಲ್ಲ. ಮಳವಳ್ಳಿ ತಲುಪಿದ ದಿನ ಅವನು ತಲೆಗೆ ಟವೆಲ್ ಬಿಗಿದು, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದ. ಹಟ್ಟಿಯಲ್ಲಿ ಹಸು ಅಂಬಾ ಎಂದರೂ, "ಆ ಮುಂಡೇದುಕ್ಕೆ ಯಾರಾರ ಏಳ್ರೋ" ಎಂದು ನರಳುತ್ತಿದ್ದ. ನಮ್ಮ ಮನೆಯ ಹುಡುಗರಾದ ನಾವೆಲ್ಲ ಇದನ್ನು ನಾಟಕ ಎಂದೇ ತಿಳಿದಿದ್ದೆವು. ಅವನ ಹಾಗೆ ನರಳಿ ತೋರಿಸುವುದು ನನಗಂತೂ ಬಹಳ ಚೆನ್ನಾಗಿ ಬರುತ್ತಿತ್ತು.

ಹೋದ ವರ್ಷ ಕಾಲು ಊದಿಕೊಂಡಿತು. ಮಂಡ್ಯದ ಡಾಕ್ಟರು ರಕ್ತದ ರಿಪೋರ್ಟನ್ನು ನೋಡಿ, ಬ್ಯಾಗನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು. "ಮೇಡಂ, ಇವರ ಕಿಡ್ನಿ ಅರ್ಧಕ್ಕೆ ಬಂದಿದೆ. ಮಾತ್ರೆ ನಿಲ್ಲಿಸಿದರೆ ಅಲ್ಲಿಗೇ ನಿಲ್ಲಬಹುದು. ನಿಲ್ಲಿಸದಿದ್ದರೆ ಡಯಾಲಿಸಿಸ್. ಇನ್ನೊಂದು ವಿಷಯ, ದಿನಾ ನುಂಗೋ ಈ ಮಾತ್ರೆಗಳೇ ಈಗ ತಲೆನೋವು ತರ್ತಿವೆ. ಮೂಲ ನೋವು ಇರೋದು ಕುತ್ತಿಗೇಲಿ. ಮದ್ದೂರಲ್ಲೇ ಫಿಸಿಯೋಥೆರಪಿ ಮಾಡಿಸಿ. ಆರು ವಾರ ಬಿಟ್ಟು ಮತ್ತೆ ರಕ್ತ ನೋಡೋಣ."

ಹೊರಗೆ ಬಂದ ಮೇಲೆ ಚಿಕ್ಕಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ಯಾವ ಮಾತ್ರೆ ಕೊಡ್ತರೆ?"

"ಮಾತ್ರೆ ಕೊಡಲ್ಲ. ವ್ಯಾಯಾಮ ಹೇಳಿಕೊಡ್ತಾರೆ."

"ಮಾತ್ರೆ ಕೊಡ್ದೆ ಇದ್ರೆ ಅವ್ರ್ ಎಂಗವ್ವ ಡಾಕ್ಟ್ರು? ಟಿಕೆಟ್ ಕೊಡ್ದೆ ಇರೋನ ಕಂಡಕ್ಟ್ರು ಅಂತೀಯಾ?"

ನಾನು ಬ್ಯಾಗನ್ನು ಕಿತ್ತುಕೊಂಡು ಮದ್ದೂರಿನ ನಮ್ಮ ಮನೆಯ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮೂವತ್ತು ವರ್ಷದಿಂದ ಬ್ಯಾಗು ತೂಗುತ್ತಿದ್ದ ಹೆಗಲನ್ನು ಸವರಿಕೊಳ್ಳುತ್ತ ಅವನು ನಿಂತಿದ್ದ. ನನಗೆ ಅಯ್ಯೋ ಅನ್ನಿಸಬೇಕಾಗಿತ್ತು. ಅನ್ನಿಸಲಿಲ್ಲ.

ಮದ್ದೂರಿನ ಫಿಸಿಯೋಥೆರಪಿ ಮೇಡಂ ಸೋಮನಹಳ್ಳಿ ಕಡೆಯ ಹುಡುಗಿ. ನೋಡಲು ನನ್ನ ಹತ್ತನೇ ಕ್ಲಾಸಿನ ಮಕ್ಕಳ ಅಕ್ಕನ ಹಾಗಿದ್ದಳು, ಕೈ ಮಾತ್ರ ಕಬ್ಬು ಮುರಿಯುವ ಕೈ. ಚಿಕ್ಕಪ್ಪನ ಕುತ್ತಿಗೆಯ ಮೇಲೆ ಎರಡು ಬೆರಳಿಟ್ಟು ಒಂದು ಕಡೆ ಒತ್ತಿದಳು ನೋಡಿ, "ಅಯ್ಯಯ್ಯಪ್ಪೋ, ಮಂಡ್ಯ! ಮಂಡ್ಯ!" ಎಂದು ಕೂಗಿಕೊಂಡ. ಹುಡುಗಿ ಗಾಬರಿಯಾದಳು. ನಾನು ತಲೆ ತಗ್ಗಿಸಿಕೊಂಡು ರೂಟ್ ವಿವರಿಸಬೇಕಾಯಿತು. ನಗುತ್ತಾಳೆ ಅಂದುಕೊಂಡಿದ್ದೆ. ಅವಳು ನಗಲಿಲ್ಲ.

"ಸರಿಯಾಗೇ ಹೇಳ್ತಿದ್ದಾರೆ ಮೇಡಂ. ಕುತ್ತಿಗೆಯಿಂದ ಬರೋ ತಲೆನೋವು ಹೀಗೇ ಬರೋದು. ಅಂಕಲ್, ನೋವು ಮಂಡ್ಯದಲ್ಲಿ ಹೊರಡುತ್ತೆ, ನೀವು ಮಾತ್ರೆ ಇಟ್ಕೊಂಡು ಮಳವಳ್ಳೀಲಿ ಕಾಯ್ತೀರ. ಸ್ಟ್ಯಾಂಡಲ್ಲೇ ಅಡ್ಡ ಹಾಕೋಣ."

ಚಿಕ್ಕಪ್ಪ ನನ್ನ ಕಡೆ ತಿರುಗಿ, "ಈ ಕೂಸ್ಗೆ ರೂಟ್ ಗೊತ್ತು ಕಣವ್ವ" ಎಂದ. ಅವನು ಇನ್ನೊಬ್ಬರನ್ನು ಹೊಗಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವಳು ಅವನ ತಲೆಯನ್ನು ಬಲಕ್ಕೆ ತಿರುಗಿಸಿದಳು, ಸಲೀಸಾಗಿ ಹೋಯಿತು. ಎಡಕ್ಕೆ ತಿರುಗಿಸಿದಳು, ಅರ್ಧಕ್ಕೂ ಮೊದಲೇ ಕಚ್ಚಿಕೊಂಡು ನಿಂತಿತು.

"ಅಂಕಲ್, ಇಲ್ಲಿ ಯಾವತ್ತಾದ್ರೂ ಏಟು ಬಿದ್ದಿತ್ತಾ?"

"ಇಲ್ಲ" ಎಂದ, ಅವಳ ಮಾತು ಮುಗಿಯುವುದಕ್ಕೆ ಮುಂಚೆಯೇ.

"ಬಹಳ ಹಿಂದೆ? ಬಸ್ಸಲ್ಲಿ?"

"ಇಲ್ಲ ಅಂದ್ನಲ್ಲ ಕಣಮ್ಮ. ಏಟು ಗೀಟು ಏನಿಲ್ಲ. ಬಿಸ್ಲು."

ಬಿಸಿಲಿಗೆ ಕುತ್ತಿಗೆಯ ಒಂದೇ ಕಡೆ ಕಚ್ಚಿಕೊಳ್ಳುತ್ತದೆಯೇ ಎಂದು ಅವಳು ಕೇಳಲಿಲ್ಲ, ನನ್ನ ಮುಖ ನೋಡಿದಳು. ನಾನು ಗಡಿಯಾರ ನೋಡಿದೆ. ನನಗೆ ಮಧ್ಯಾಹ್ನದ ಪೀರಿಯಡ್ ಇತ್ತು.

ಅವಳು ಹೇಳಿಕೊಟ್ಟ ವ್ಯಾಯಾಮ ಮೂರೇ. ಗದ್ದವನ್ನು ಒಳಕ್ಕೆ ಎಳೆದುಕೊಳ್ಳುವುದು. ಅಂಗೈಯನ್ನು ಹಣೆಗೆ ಒತ್ತಿ, ಅದಕ್ಕೆ ಎದುರಾಗಿ ತಲೆಯಿಂದ ತಳ್ಳುತ್ತ, ಮಾತಾಡದೆ ಹತ್ತು ಎಣಿಸುವುದು. ಆಮೇಲೆ ನಿಧಾನಕ್ಕೆ ಬಲಕ್ಕೆ ಒಮ್ಮೆ, ಎಡಕ್ಕೆ ಒಮ್ಮೆ ತಿರುಗುವುದು. ಮನೆಯಲ್ಲಿ ಕೂತು ಮಾಡಲು ಎಷ್ಟು ಹೊತ್ತು? ಹತ್ತು ನಿಮಿಷ. ಆದರೆ ಚಿಕ್ಕಪ್ಪ ಮನೆಯಲ್ಲಿ ಮಾಡಿದರೆ ತಾನೆ! "ನೆಲ ಅಲ್ಲಾಡ್ದೆ ಇದ್ರೆ ನನ್ ಮೈ ಬಗ್ಗಕಿಲ್ಲ" ಎಂದು ದಿನಾ ಬೆಳಗ್ಗೆ ಕೊಪ್ಪದಲ್ಲಿ ಬಸ್ಸು ಹತ್ತಿ, ಮದ್ದೂರಿನವರೆಗೆ ವ್ಯಾಯಾಮ ಮಾಡುತ್ತ ಹೋಗಿ, ಎದುರಿಂದ ಬರುವ ಬಸ್ಸಿಗೆ ವಾಪಸ್ಸು ಬರಲು ಶುರುಮಾಡಿದ.

ಒಂದು ಭಾನುವಾರ ನಾನು ಕೊಪ್ಪದಲ್ಲಿದ್ದೆ. ಚಿಕ್ಕಮ್ಮ ಹಟ್ಟಿಯಲ್ಲಿ ಸಗಣಿ ಬಾಚುತ್ತಿದ್ದಳು. ಬೀದಿಯ ತುದಿಯಿಂದ ಏಳೆಂಟು ಜನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಬಂದರು. ಹಿಂದೆ ಇಬ್ಬರು ಗಂಡಸರು, ಒಬ್ಬನ ಕೈಯಲ್ಲಿ ದಪ್ಪನೆಯ ಸೇವಂತಿಗೆ ಹಾರ. ಮುಂದಿದ್ದವಳು ಜಗಲಿಯ ಕಂಬ ಹಿಡಿದು, "ಓದ್ಯಲ್ಲೇ ನಮ್ಮವ್ವ" ಎಂದು ರಾಗ ತೆಗೆದಳು. ಚಿಕ್ಕಮ್ಮ ಸಗಣಿ ಕೈಯಲ್ಲೇ ಈಚೆ ಬಂದಳು.

"ಯಾರ್ರೇ ಸತ್ತೋರು?"

ಹಾರ ಹಿಡಿದವನು ಅದನ್ನು ಬೆನ್ನ ಹಿಂದೆ ಮರೆಮಾಡಿಕೊಳ್ಳುತ್ತ, "ನೀನೇ ಕಣಕ್ಕ" ಎಂದ.

ಆದದ್ದು ಇಷ್ಟು. ಚಿಕ್ಕಪ್ಪ ಬಸ್ಸಿನ ಮುಂದಿನ ಸೀಟಿನಲ್ಲಿ ಹಣೆಗೆ ಕೈ ಒತ್ತಿಕೊಂಡು, ಕಣ್ಣು ಮುಚ್ಚಿ ಹತ್ತು ಎಣಿಸುತ್ತಿದ್ದಾನೆ. ಪಕ್ಕದಲ್ಲಿದ್ದ ನಮ್ಮೂರ ಹೆಂಗಸು, "ಯಾಕಪ್ಪ, ತಲೆ ಮ್ಯಾಲೆ ಕೈ ಒತ್ಗಂಡ್ ಕುಂತಿದ್ದೀಯೆ? ಏನಾಯ್ತು?" ಎಂದಿದ್ದಾಳೆ. ಮಾತಾಡುವ ಹಾಗಿಲ್ಲವಲ್ಲ, ಸುಮ್ಮನಿದ್ದಾನೆ. "ಮನೇಲಿ ಎಲ್ರೂ ಸಂದಾಗವ್ರಾ? ಎಂಡ್ರು?" ಎಂದು ಅವಳು ಕೇಳುವುದಕ್ಕೂ ಇವನ ಎಣಿಕೆ ಹತ್ತಕ್ಕೆ ಮುಟ್ಟುವುದಕ್ಕೂ ಸರಿಹೋಗಿದೆ. ಮುಂದಿನ ವ್ಯಾಯಾಮವೇನು? ತಲೆಯನ್ನು ನಿಧಾನವಾಗಿ ಬಲಕ್ಕೆ, ನಿಧಾನವಾಗಿ ಎಡಕ್ಕೆ! ಎಡಕ್ಕೆ ತಿರುಗಿಸುವಾಗ ನೋವಿಗೆ ಕಣ್ಣಲ್ಲಿ ನೀರು ಬೇರೆ ಬಂದಿದೆ. ಇನ್ನೇನು ಬೇಕು? ಅವಳು ಅಲ್ಲಿಂದಲೇ ಊರಿಗೆ ಫೋನು ಮಾಡಿದ್ದಾಳೆ.

ವಾಪಸ್ಸು ಬಸ್ಸಿನಿಂದ ಇಳಿದು ಬಂದ ಚಿಕ್ಕಪ್ಪ, ಮನೆಯ ಮುಂದೆ ಸೇರಿದ್ದ ಜನವನ್ನು ನೋಡಿ ಎದೆ ಒಡೆದುಕೊಂಡು ಓಡಿ ಬಂದ. "ಯಾರ್ರಪ್ಪ ಓದೋರು?" ಎಂದು ಎಲ್ಲರನ್ನೂ ಕೇಳುತ್ತಿದ್ದ. ಚಿಕ್ಕಮ್ಮ ಅವನಿಗೆ ಸಗಣಿ ಕೈಯಲ್ಲೇ ಉತ್ತರ ಕೊಟ್ಟಳು. ಹಾರವನ್ನು ಹಸುವಿಗೆ ಹಾಕಿದೆವು. ಅದು ಅರ್ಧ ತಿಂದಿತು.

ಇಷ್ಟಾದರೂ ನಾನು ಬೇಸರ ಮಾಡಿಕೊಳ್ಳಲಿಲ್ಲ. ಏಕೆಂದರೆ ನೋವು ಕಡಿಮೆಯಾಗುತ್ತಿತ್ತು! ಐದನೇ ವಾರದ ಹೊತ್ತಿಗೆ, "ವಾರಕ್ಕ್ ಎಲ್ಡೇ ಸಲ ಕಣವ್ವ ಮಳವಳ್ಳಿ. ಮಿಕ್ಕಿದ್ದೆಲ್ಲ ಮದ್ದೂರಲ್ಲೇ ಇಳ್ಕತದೆ" ಎನ್ನುತ್ತಿದ್ದ. ಆರನೇ ವಾರ ಮುಗಿಸಿ ಮಂಡ್ಯಕ್ಕೆ ಹೋದೆವು. ಡಾಕ್ಟರು ಹೊಸ ರಿಪೋರ್ಟನ್ನು ಹಳೆಯದರ ಪಕ್ಕ ಇಟ್ಟು ನೋಡಿದರು. ಕಿಡ್ನಿ ನಿಂತಿರಲಿಲ್ಲ. ಇನ್ನಷ್ಟು ಇಳಿದಿತ್ತು.

"ಮಾತ್ರೆ ಪೂರ್ತಿ ಬಿಟ್ಟಿದ್ದೀರಾ?"

ಚಿಕ್ಕಪ್ಪ ಫ್ಯಾನು ನೋಡಿದ. ಬಾಗಿಲು ನೋಡಿದ. ನನ್ನನ್ನು ಮಾತ್ರ ನೋಡಲಿಲ್ಲ.

ಆವತ್ತು ನನಗೆ ಬಂದ ನಿರಾಸೆಯನ್ನು ಹೇಗೆ ಹೇಳಲಿ? ಸ್ಕೂಲಿಗೆ ರಜೆ ಹಾಕಿ, ಹೆಡ್‌ಮಾಸ್ಟರ ಕೈಲಿ ಮಾತು ಕೇಳಿ, ಬಸ್ಸಿನಿಂದ ಬಸ್ಸಿಗೆ ಅವನನ್ನು ಹತ್ತಿಸಿ ಇಳಿಸಿ, ಕೊನೆಗೆ ಸಿಕ್ಕಿದ್ದು ಇದು. ಈ ಮನುಷ್ಯ ಸಾಯಲೇಬೇಕೆಂದು ಹಟ ಹಿಡಿದರೆ ನಾನೇನು ಮಾಡಲಿ? ಇನ್ನು ಅವನ ದಾರಿ ಅವನಿಗೆ, ಕೈ ತೊಳೆದುಕೊಂಡೆ ಎಂದು ಚಿಕ್ಕಮ್ಮನಿಗೆ ಹೇಳಿದೆ. ಅವಳು ಅಳುತ್ತ ಒಂದು ಮಾತು ಹೇಳಿದಳು. ಚಿಕ್ಕಪ್ಪ ಪ್ರತಿ ಗುರುವಾರ ಮಳವಳ್ಳಿಗೆ ಹೋಗುತ್ತಾನಂತೆ, ಅವನ ಜೊತೆ ಬಸ್ಸು ಓಡಿಸುತ್ತಿದ್ದ ಡ್ರೈವರನ್ನು ನೋಡಲು. ಬರುವಾಗ ಮುಖ ಗೆಲುವಾಗಿರುತ್ತದಂತೆ.

ನಾನು ಅದೇ ಸಂಜೆ ಮಳವಳ್ಳಿಯ ಬಸ್ಸು ಹತ್ತಿದೆ. ಡ್ರೈವರ್ ಮಾವ ಮನೆಯ ಮುಂದೆ ಕಲ್ಲುಚಪ್ಪಡಿಯ ಮೇಲೆ ಕೂತಿದ್ದರು. "ಬಾರವ್ವ ಮೇಡಮ್ಮ" ಎಂದು ಏಳುವುದರೊಳಗೆ ನಾನು ಶುರುಮಾಡಿದೆ. ಮಾತ್ರೆ ಕೊಡುವುದು ಅಂದರೆ ವಿಷ ಕೊಡುವುದು ಅಂತ ಗೊತ್ತಿಲ್ಲವೇ ಎಂದೆ. ಸ್ನೇಹಿತರೇ ಅಲ್ಲ ನೀವು ಎಂದೆ. ಮಕ್ಕಳನ್ನು ಬೈದು ಬೈದು ರೂಢಿಯಾದ ಗಂಟಲು, ಅಕ್ಕಪಕ್ಕದ ಮನೆಯವರೆಲ್ಲ ಈಚೆ ಬಂದರು. ಮಾವ ಒಳಗೆ ಹೋಗಿ, ಒಂದು ಬಿಸ್ಕತ್ತಿನ ಡಬ್ಬ ತಂದು ನನ್ನ ಕೈಗಿಟ್ಟರು. ತುಂಬ ಮಾತ್ರೆ. ಅಲ್ಲಿಗಾದರೂ ನಾನು ನಿಲ್ಲಿಸಬೇಕಿತ್ತು.

"ಅವನಿಗಂತೂ ತಲೆ ಇಲ್ಲ. ನಿಮಗಾದ್ರೂ ಬೇಡವಾ ಮಾವ?"

"ತಲೆ ಇಲ್ಲ ಅನ್ಬ್ಯಾಡ ಕಣವ್ವ" ಎಂದರು ಅವರು ಮೆಲ್ಲಗೆ. "ಆ ತಲೆ ಕಂಬಿಗ್ ಒಡ್ದಿದ್ದ ನಾನ್ ಕಂಡಿವ್ನಿ."

ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. "ನೀನ್ ಕಾಲೇಜಿಗ್ ಓಯ್ತಿದ್ದಾಗ ಕಣವ್ವ. ನಿಮ್ಮಜ್ಜಿ, ಡೈರಿಗ್ ಆಲ್ ಆಕು, ಉಲ್ ತತ್ತಾ, ಆಮ್ಯಾಕ್ ಓಗು ಅನ್ನೋರು. ಬಸ್ಸು ತಪ್ಪುದ್ರೆ ಓದು ಬುಡ್ಸಾನ ಅಂತ ಅವ್ರ ಲೆಕ್ಕ. ಅದ್ಕೇ ಇವ್ನು ದಿನಾ ಬಾಗ್ಲಲ್ ನೇತಾಕಂಡು ನಿನ್ ದಾರಿ ನೋಡೋನು. ಒಂದಿನ ಜನ ಬಾಳ ಬಯ್ದ್ರು. ನಂಗೂ ರೇಗೋಗಿತ್ತು. 'ಬತ್ತಾವ್ಳೆ ಕಣ್ಲಾ, ತಡಿ, ಜಡೆ ಕಾಣ್ತಾ ಅದೆ' ಅಂದ. ನಾನ್ ತಡೀನಿಲ್ಲ. ಕ್ಲಚ್ ಬುಟ್ಬುಟ್ಟೆ. ಬಸ್ಸು ಎಗರ್ತು. ಇಂದಕ್ ತಿರುಗ್ಸಿದ್ ತಲೆ ಅಂಗೇ ಬಾಗ್ಲು ಕಂಬಿಗ್ ಬಡೀತು. ಬಸ್ ನಿಲ್ಸಿ, ಆಸ್ಪತ್ರೆಗ್ ಓಗಾನ ಬಾರ್ಲಾ ಅಂದ್ರೆ, 'ಬ್ಯಾಡ ಕಣ್ಲಾ, ನಮ್ಮವ್ವ ಒಂದ್ ನೆವ ಕಾಯ್ತಾವ್ಳೆ. ನಂಗ್ ಏಟ್ ಬಿತ್ತು ಅಂದ್ರೆ ಕೂಸಿನ್ ಕಾಲೇಜು ಇವತ್ಗೇ ಕಡೆ. ಒಂದ್ ಮಾತ್ರೆ ತಂದ್ಕೊಡು' ಅಂದ. ತಂದ್ಕೊಟ್ಟೆ. ಅವತ್ತಿಂದ ತಂದ್ಕೊಡ್ತಾನೆ ಇವ್ನಿ. ನಾನ್ ಮಾಡಿದ್ ತಪ್ಗೆ ಇನ್ನೇನ್ ಕೊಡ್ಲವ್ವ?"

ನನಗೆ ಆ ದಿನ ಚೆನ್ನಾಗಿ ನೆನಪಿದೆ. ಓಡಿ ಬಂದು ಹತ್ತಿದಾಗ ಚಿಕ್ಕಪ್ಪ ತಲೆಗೆ ಟವೆಲ್ ಬಿಗಿದುಕೊಂಡು ಕಂಬಿಗೆ ಒರಗಿ ನಿಂತಿದ್ದ. ನಾನು ಗೆಳತಿಯರ ಮುಂದೆ, "ಏನ್ ಚಿಕ್ಕಪ್ಪ, ಪೇಟ ಸುತ್ಕೊಂಡಿದ್ದೀಯ, ಮದುವೆ ಗಂಡಾ?" ಎಂದಿದ್ದೆ. ಎಲ್ಲರೂ ನಕ್ಕಿದ್ದರು. ಅವನೂ ನಕ್ಕು, "ಬಿಸ್ಲು ಕಣವ್ವ" ಎಂದಿದ್ದ. ಬೆಳಗ್ಗೆ ಎಂಟಕ್ಕೆ ಯಾವ ಬಿಸಿಲು ಎಂದು ನನಗೆ ಅವತ್ತೂ ಹೊಳೆಯಲಿಲ್ಲ, ಇಪ್ಪತ್ತೈದು ವರ್ಷ ಅವನು ನರಳುವುದನ್ನು ಅಣಕಿಸುತ್ತ ಬಂದಾಗಲೂ ಹೊಳೆಯಲಿಲ್ಲ. ವಾಪಸ್ಸು ಬರುವಾಗ ಬಿಸ್ಕತ್ತಿನ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಮಳವಳ್ಳಿಯಿಂದ ಮದ್ದೂರಿನವರೆಗೂ ಅತ್ತೆ.

ಮರುದಿನ ಫಿಸಿಯೋಥೆರಪಿ ಹುಡುಗಿಗೆ ಏಟಿನ ವಿಷಯ ಹೇಳಿದೆ. ಅವಳು ಸುಳ್ಳು ಸಮಾಧಾನ ಹೇಳಲಿಲ್ಲ. "ಆಗಲೇ ಬಂದಿದ್ರೆ ಕೆಲವೇ ವಾರದ ಕೆಲಸ ಮೇಡಂ. ಈಗ ಎಡಕ್ಕೆ ಪೂರ್ತಿ ತಿರುಗಲ್ಲ. ಆದ್ರೆ ದಿನಾ ಮಾಡಿದ್ರೆ ನೋವನ್ನ ಮದ್ದೂರು ದಾಟದ ಹಾಗೆ ನೋಡ್ಕೋಬಹುದು. ಕಿಡ್ನಿ ಕೈ ಬಿಡದೆ ಇದ್ರೆ ಸಾಕು" ಎಂದಳು.

ಭಾನುವಾರ ಬೆಳಗ್ಗೆ ಕೊಪ್ಪಕ್ಕೆ ಹೋದೆ. ಬಸ್ಸು ಬೇಡ, ಇಲ್ಲೇ ಮಾಡು ಎಂದು ಚಿಕ್ಕಪ್ಪನನ್ನು ಜಗಲಿಯ ಮೇಲೆ ಕುರ್ಚಿ ಹಾಕಿ ಕೂರಿಸಿದೆ. ಬಲಕ್ಕೆ ತಿರುಗಿದ. ಎಡಕ್ಕೆ ಅಂದರೆ ಕಣ್ಣು ಮಾತ್ರ ತಿರುಗಿಸಿ, ಆಯ್ತು ಎನ್ನುತ್ತಿದ್ದ. ನಾನು ಬೈಯದೆ ಜಗಲಿಯಿಂದ ಇಳಿದು, ಅವನ ಎಡಕ್ಕೆ, ಬೆನ್ನ ಹಿಂದೆ ಬೀದಿಯುದ್ದಕ್ಕೂ ನಡೆದು, ಡೈರಿಯ ಹತ್ತಿರ ಹೋಗಿ ನಿಂತೆ. ಹಾಲಿನ ಕ್ಯಾನು ಇಳಿಸಿ ನಾನು ಓಟ ಶುರುಮಾಡುತ್ತಿದ್ದ ಜಾಗ ಅದು. ಅಲ್ಲಿಂದ ಕೂಗಿದೆ.

"ಚಿಕ್ಕಪ್ಪಾ, ತಡೀ, ಬಂದೇ!"

"ಆ ಡ್ರೈವರ್ ನನ್ಮಗ ಏಳ್ಬುಟ್ನಾ" ಎಂದು ಅವನು ಅಂದದ್ದು ಜಗಲಿಯ ಮೇಲಿದ್ದ ಚಿಕ್ಕಮ್ಮನಿಗೆ ಮಾತ್ರ ಕೇಳಿಸಿತಂತೆ. ಆಮೇಲೆ ಅವನ ತಲೆ ಎಡಕ್ಕೆ ತಿರುಗತೊಡಗಿತು. ಇಷ್ಟಿಷ್ಟೇ, ಹಲ್ಲು ಕಚ್ಚಿಕೊಂಡು, ಅರ್ಧದವರೆಗೆ ಬಂದು ನಿಂತಿತು. ಅಲ್ಲಿಂದಾಚೆ ಬರಲಿಲ್ಲ. ಅವನಿಗೆ ನಾನು ಕಾಣುತ್ತಿಲ್ಲವೆಂದು ನನಗೆ ಗೊತ್ತಾಗುತ್ತಿತ್ತು. ಆದರೂ ಬೀದಿಗೆಲ್ಲ ಕೇಳುವ ಹಾಗೆ ಕೂಗಿದ.

"ಓಡ್ಬ್ಯಾಡ ಕಣವ್ವ, ನಿಧಾನಕ್ಕೇ ಬಾ. ಬಸ್ಸು ನಿಂತದೆ."

ನಾನು ಓಡಲಿಲ್ಲ. ಅವನ ಕುತ್ತಿಗೆ ಎಲ್ಲಿಯವರೆಗೆ ತಿರುಗಿತ್ತೋ ಅಲ್ಲಿಯವರೆಗೆ ನಡೆದುಕೊಂಡು ಹೋಗಿ, ಅವನಿಗೆ ಕಾಣುವ ಹಾಗೆ ನಿಂತುಕೊಂಡೆ.